ಎಡದ ನಟ್ಟು ಅಣ್ಣನದು, ಬಲದ ನಟ್ಟು ತಮ್ಮನದು

ನನಗೆ ಒಬ್ಬ ಅಣ್ಣ, ಒಬ್ಬ ತಮ್ಮ. ನಡುವೆ ನಾನೊಬ್ಬಳು. ಇದು ಬರೀ ಹುಟ್ಟಿದ ಕ್ರಮ ಎಂದು ತಿಳಿಯಬೇಡಿ, ಇದು ನನ್ನ ಕೆಲಸ. ಹಗಲೆಲ್ಲ ಬಸ್ಸಿನಲ್ಲಿ ಕಂಡಕ್ಟರಾಗಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಗಂಟಲು ಹರಿದುಕೊಂಡು ಮನೆಗೆ ಬಂದರೆ ಅಲ್ಲಿ ಇನ್ನೊಂದು ಪಾಳಿ ಶುರು. ಅಣ್ಣ ಹೇಳಿದ್ದನ್ನು ತಮ್ಮನಿಗೆ ಮುಟ್ಟಿಸಬೇಕು, ತಮ್ಮ ಹೇಳಿದ್ದನ್ನು ಅಣ್ಣನಿಗೆ. ಇಬ್ಬರೂ ಪಕ್ಕಪಕ್ಕದಲ್ಲೇ ನಿಂತಿರುತ್ತಾರೆ, ಇಬ್ಬರ ಕಿವಿಯೂ ಚೆನ್ನಾಗಿಯೇ ಕೇಳುತ್ತದೆ. ಆದರೂ ನನ್ನ ಬಾಯಿಂದ ಬರುವವರೆಗೆ ಅದು ಮಾತಲ್ಲ.

ಮೊದಲು ಇಬ್ಬರೂ ಸೇರಿಯೇ ಒಂದು ಗ್ಯಾರೇಜ್ ನಡೆಸುತ್ತಿದ್ದರು. ಸ್ಕೂಟರು, ಬೈಕು, ಅಂಥವು. ಅಣ್ಣ ಯಾವ ನಟ್ಟನ್ನು ಮುಟ್ಟಿದರೂ ಅದು ಈ ಜನ್ಮದಲ್ಲಿ ಬಿಚ್ಚಬಾರದು ಅನ್ನುವ ಹಾಗೆ ಬಿಗಿಯುತ್ತಾನೆ. ತಮ್ಮ ಹೇಗೂ ನಾಳೆ ಬಿಚ್ಚಬೇಕಲ್ಲ ಅನ್ನುವ ಹಾಗೆ ಬಿಡುತ್ತಾನೆ. ಪೇಟೆಯಲ್ಲಿ ಇವರ ಹೆಸರೇ ಬಿಗಿಯಣ್ಣ, ಸಡಿಲಣ್ಣ. ಒಂದು ದಿನ ಯಾರದೋ ಸ್ಕೂಟರಿನ ಹಿಂಚಕ್ರದ ನಟ್ಟನ್ನು ಅಣ್ಣ ಬಿಗಿದು ಊಟಕ್ಕೆ ಹೋದ. ತಮ್ಮ ಅದನ್ನು ಸಡಿಲಿಸಿದ. ಅಣ್ಣ ಊಟ ಮುಗಿಸಿ ಬಂದು ಮತ್ತೆ ಬಿಗಿದ. ಅವನು ಕೈ ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ತಮ್ಮ ಮತ್ತೆ ಸಡಿಲಿಸಿದ. ಸ್ಕೂಟರಿನ ಯಜಮಾನ ಹೆದರಿ, ಗಾಡಿಯನ್ನು ತಳ್ಳಿಕೊಂಡೇ ಬೇರೆ ಗ್ಯಾರೇಜಿಗೆ ಹೋದ. ಆ ಸಂಜೆ ಇಬ್ಬರೂ ಮುಖ ಗಂಟು ಹಾಕಿಕೊಂಡು, ಏಕಕಾಲಕ್ಕೆ ನನ್ನ ಕಡೆ ತಿರುಗಿ ‘ಅವನಿಗೆ ಹೇಳು’ ಎಂದರು. ಅವತ್ತಿನಿಂದ ಹೇಳುತ್ತಲೇ ಇದ್ದೇನೆ.

ಆಮೇಲೆ ಗ್ಯಾರೇಜಿನ ನಡುವೆ ಗೋಡೆ ಎದ್ದಿತು. ‘ಅಣ್ಣ ತಮ್ಮ ಗ್ಯಾರೇಜ್’ ಎಂಬ ಬೋರ್ಡನ್ನು ಗರಗಸದಲ್ಲಿ ಕೊಯ್ದರು. ಅಣ್ಣನ ಪಾಲಿಗೆ ‘ಅಣ್ಣ’ ಎಂಬ ತುಂಡು ಬಂತು, ತಮ್ಮನ ಪಾಲಿಗೆ ‘ತಮ್ಮ ಗ್ಯಾರೇಜ್’ ಹೋಯಿತು. ಅಣ್ಣನ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಹೊಸಬರು ಈಗಲೂ ಒಳಗೆ ಬಂದು ಕೇಳುತ್ತಾರೆ. ಗಾಳಿ ತುಂಬುವ ಯಂತ್ರ ಒಂದೇ ಇದ್ದದ್ದರಿಂದ ಅದನ್ನು ಗೋಡೆಯ ಬುಡದಲ್ಲಿಟ್ಟು, ಗೋಡೆಗೊಂದು ತೂತು ಕೊರೆದು ಪೈಪು ತೂರಿಸಿದರು. ಇವರ ಹೆಂಡಂದಿರು ಮಾತ್ರ ಹಿತ್ತಿಲ ಕಡೆ ಕೂತು ದಿನವಿಡೀ ಹರಟುತ್ತಾರೆ, ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಪೇಟೆಗೆ ಹೋಗುತ್ತಾರೆ. ಗಂಡಸರ ಮಾನ ಕಾಯುವ ಕೆಲಸ ತಮ್ಮದಲ್ಲ ಎಂದು ಅವರು ಮೊದಲೇ ತೀರ್ಮಾನಿಸಿದ್ದಾರೆ.

ಪಾಲು ಮಾಡಲಾಗದೆ ಉಳಿದದ್ದು ಒಂದೇ, ತಮ್ಮನ ಮಗಳು. ಅಣ್ಣನಿಗೆ ಮಕ್ಕಳಿಲ್ಲ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವನು ಅವನೇ. ನಾವೆಲ್ಲ ಅವಳನ್ನು ಚೂಟಿ ಅನ್ನುತ್ತೇವೆ. ಹದಿಮೂರು ವರ್ಷ, ಕಡ್ಡಿಯಂಥ ಕೈಕಾಲು, ಮಾತಿನಲ್ಲಿ ನನ್ನನ್ನೇ ಮೀರಿಸುವವಳು. ಬೆಳಗಿನ ತಿಂಡಿ ಅಪ್ಪನ ಮನೆಯಲ್ಲಿ, ಮಧ್ಯಾಹ್ನದ ಊಟ ದೊಡ್ಡಪ್ಪನ ಮನೆಯಲ್ಲಿ. ಗೋಡೆ ಇರುವುದು ಅವಳಿಗೆ ಗೊತ್ತಿದ್ದಂತೆಯೇ ಕಾಣುತ್ತಿರಲಿಲ್ಲ. ಇಬ್ಬರ ಹತ್ತಿರವೂ ಬಾಯಿ ತುಂಬ ಮಾತಾಡುವ ಒಂದೇ ಜೀವ ಆ ಅಂಗಳದಲ್ಲಿ ಅವಳಾಗಿದ್ದಳು.

ಅವಳಿಗೆ ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವ ಹುಚ್ಚು ಹಿಡಿದಾಗ ಅಣ್ಣ ಗುಜರಿಯಿಂದ ಒಂದು ಪುಟ್ಟ ಡರ್ಟ್ ಬೈಕಿನ ಚೌಕಟ್ಟು ಹುಡುಕಿ ತಂದ. ಬೇರೆ ಬೇರೆ ಗಾಡಿಗಳ ಭಾಗ ಸೇರಿಸಿ, ಎಂಜಿನ್ನು ಕೂರಿಸಿ, ಕೆಂಪು ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿದ. ತಮ್ಮನ ಪಿತ್ತ ನೆತ್ತಿಗೇರಿತು. “ನನ್ನ ಮಗಳು ಬೇರೆಯವ್ರ ಬೈಕ್ ಮೇಲೆ ಯಾಕೆ ಕೂರ್ಬೇಕು ಅಂತ ಸಾಹೇಬ್ರನ್ನ ಕೇಳು,” ಎಂದು ನನ್ನನ್ನು ಕಳಿಸಿದ. ಅಣ್ಣನನ್ನು ಅವನು ಸಾಹೇಬ್ರು ಎನ್ನುವುದು ಗೌರವಕ್ಕಲ್ಲ, ಚುಚ್ಚುವುದಕ್ಕೆ. ಮರುದಿನವೇ ಹೊಸ ಟೈರು, ಹೊಸ ಬ್ರೇಕು, ಹೊಸ ಸೀಟು ತಂದು ಹಾಕಿದ. ಈಗ ಬೈಕು ಯಾರದು? ತಿಂಗಳುಗಟ್ಟಲೆ ನನ್ನ ಕಾಲು ಸವೆಸಿದ ಮೇಲೆ ಒಪ್ಪಂದವಾಯಿತು. ಬೈಕಿನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ಚೂಟಿ ಗೇರು ಹಾಕಿದರೆ ದೊಡ್ಡಪ್ಪನ ಸೊತ್ತು, ಬ್ರೇಕು ತುಳಿದರೆ ಅಪ್ಪನ ಸೊತ್ತು. ಒಬ್ಬರ ಪಾಲಿಗೆ ಇನ್ನೊಬ್ಬರು ಬೆರಳೂ ತಾಗಿಸುವಂತಿಲ್ಲ. ಚೂಟಿಯಂತೂ ಯಾವ ಕಡೆಗೂ ಸ್ಪ್ಯಾನರ್ ಹಿಡಿಯುವಂತಿಲ್ಲ, ಏಕೆಂದರೆ ಅವಳು ಮಗು. ಇದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮತ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಬೈಕಿಗೆ ಹಿಂಚಕ್ರ ಎಂಬುದೊಂದಿದೆ. ಅದನ್ನು ಎಡಕ್ಕೊಂದು ಬಲಕ್ಕೊಂದು ಕಬ್ಬಿಣದ ತೋಳು ಹಿಡಿದುಕೊಂಡಿರುತ್ತದೆ. ಎರಡೂ ತೋಳುಗಳನ್ನು ಹಾದು ಆಕ್ಸಲ್ ಎಂಬ ಒಂದೇ ಸರಳು ಹೋಗುತ್ತದೆ, ಅದರ ಬಲತುದಿಯಲ್ಲೊಂದು ನಟ್ಟು. ಚೈನು ಸಡಿಲವಾದಾಗ ಚಕ್ರವನ್ನು ಹಿಂದಕ್ಕೆಳೆಯಬೇಕು. ಎಳೆಯಲು ಪ್ರತಿ ತೋಳಿನ ತುದಿಯಲ್ಲೂ ಒಂದು ಬೋಲ್ಟು, ಎಷ್ಟು ಎಳೆದೆವು ಎಂದು ನೋಡಲು ಪಕ್ಕದಲ್ಲಿ ಗೀಟುಗಳು. ಎರಡೂ ಬೋಲ್ಟನ್ನು ಒಂದೇ ಸಮ ತಿರುಗಿಸಿದರೆ ಚಕ್ರ ನೆಟ್ಟಗೆ ನಿಲ್ಲುತ್ತದೆ, ಚೈನು ಹಲ್ಲುಚಕ್ರದ ಹಲ್ಲಿನ ಮೇಲೆ ನೇರ ಓಡುತ್ತದೆ. ಒಂದು ಕಡೆ ಹೆಚ್ಚಾದರೆ ಚಕ್ರದ ಮೂತಿ ಸೊಟ್ಟ. ಸೊಟ್ಟ ಚಕ್ರದ ಚೈನು ಹಲ್ಲನ್ನು ತಿನ್ನುತ್ತದೆ, ಒಂದು ದಿನ ಜಿಗಿದುಬಿಡುತ್ತದೆ, ಚಕ್ರಕ್ಕೆ ಸುತ್ತಿಕೊಂಡರೆ ಮೇಲೆ ಕೂತವಳು ಎಲ್ಲಿ ಬೀಳುತ್ತಾಳೋ ಹೇಳಲಾಗದು. ಇದನ್ನು ನನಗೆ ಕಲಿಸಿದವರು ಈ ಇಬ್ಬರು ಪಂಡಿತರೇ, ಬೇರೆ ಬೇರೆಯಾಗಿ.

ಊರ ಹೊರಗಿನ ಮಣ್ಣಿನ ಟ್ರ್ಯಾಕಿನಲ್ಲಿ ಆ ಶನಿವಾರ ತಂಡದ ಆಯ್ಕೆ ಇತ್ತು. ಗೆದ್ದವರಿಗೆ ಅಲ್ಲಿನ ಕೋಚ್ ಮೇಡಂ ವರ್ಷವಿಡೀ ತರಬೇತಿ ಕೊಡುತ್ತಾರೆ. ಸಣ್ಣ ಬೈಕಿನ ಗುಂಪಿನಲ್ಲಿ ಚೂಟಿಗೆ ಇದೇ ಕೊನೆಯ ಅವಕಾಶ. ಬರುವ ವರ್ಷ ವಯಸ್ಸೂ ಮೀರುತ್ತದೆ, ಮೊಣಕಾಲೂ ಹ್ಯಾಂಡಲ್ಲಿಗೆ ತಾಗುತ್ತದೆ. ದೊಡ್ಡ ಬೈಕಿನ ಗುಂಪಿಗೆ ಹೋಗಲು ದೊಡ್ಡ ಬೈಕೇ ಬೇಕು, ಅದು ನಮ್ಮ ಕೈಗೆಟುಕುವ ಮಾತಲ್ಲ. ಹುಡುಗಿ ಕನಸಿನಲ್ಲೂ ಗೇರು ಬದಲಿಸುತ್ತಿದ್ದಳು. ಶುಕ್ರವಾರ ಸಂಜೆ ಅಭ್ಯಾಸ ಮುಗಿಸಿ ಬಂದವಳು ಅಂಗಳದ ನಡುವೆ ನಿಂತು ಇಬ್ಬರಿಗೂ ಕೇಳುವಂತೆ ಹೇಳಿದಳು.

“ಚೈನು ಕಟಕಟ ಅಂತಿದೆ. ಜೋಲು ಬಿದ್ದಿದೆ. ನಾಳೆ ಹೀಗೇ ಹೋದ್ರೆ ನಾನು ಮಣ್ಣು ಮುಕ್ತೀನಿ ಅಷ್ಟೇ.”

ಗೋಡೆಯ ಎರಡೂ ಕಡೆಯಿಂದ ಇಬ್ಬರೂ ಹೊರಬಂದರು. ಬೈಕನ್ನು ಪೆಟ್ಟಿಗೆಯ ಮೇಲೆ ಏರಿಸಿ ನಿಲ್ಲಿಸಿದೆವು. ಅಣ್ಣ ಎಡಕ್ಕೆ ಕೂತ, ತಮ್ಮ ಬಲಕ್ಕೆ. ನಡುವೆ ಚಕ್ರ. ನಾನು ಬಸ್ಸಿಳಿದು ಬಂದವಳು, ಕೊರಳಿನ ಸೀಟಿಯನ್ನೂ ತೆಗೆದಿರಲಿಲ್ಲ.

“ಆ ಮನುಷ್ಯನಿಗೆ ಹೇಳು, ಆಕ್ಸಲ್ ನಟ್ಟು ಅವನ ಕಡೆ ಇದೆ. ಅದನ್ನ ಸಡಿಲ ಮಾಡ್ಲಿ. ಅದೊಂದು ಚೆನ್ನಾಗಿ ಬರುತ್ತಲ್ಲ ಅವನಿಗೆ,” ಎಂದ ಅಣ್ಣ.

“ಸಡಿಲ ಮಾಡ್ಬೇಕಂತೆ,” ಎಂದೆ ನಾನು.

“ಆಗ್ಲೇ ಮಾಡಾಯ್ತು. ಎಷ್ಟನೇ ಗೀಟಿಗೆ ಎಳೀಬೇಕು ಅಂತ ಸಾಹೇಬ್ರನ್ನ ಕೇಳಕ್ಕ.”

“ಮೂರನೇ ಗೀಟು ಅನ್ನು.”

“ಮೂರನೇ ಗೀಟು.”

“ಮೂರೇ ತಾನೆ? ಆಮೇಲೆ ನಾನು ಹೇಳಿದ್ದು ಎರಡು ಅಂತ ಕ್ಯಾತೆ ತೆಗೀಬಾರ್ದು,” ಎಂದ ತಮ್ಮ.

“ಮೂರು! ಮೂರು! ಮೂರು!” ಎಂದು ನಾನು ಕೂಗಿದ್ದಕ್ಕೆ ಬೀದಿಯ ನಾಯಿ ಎದ್ದು ಹೋಯಿತು.

ಇಬ್ಬರೂ ತಲೆ ಬಗ್ಗಿಸಿ ತಂತಮ್ಮ ಬೋಲ್ಟು ತಿರುಗಿಸಿದರು. ತಮ್ಮ ಆಕ್ಸಲ್ ನಟ್ಟು ಬಿಗಿದ. ಅಣ್ಣ ಚೈನನ್ನು ಬೆರಳಲ್ಲಿ ಎತ್ತಿ ನೋಡಿ ತಲೆಯಾಡಿಸಿದ. ಚೂಟಿ ಹಿಂದಿನಿಂದ ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದಳು.

“ಚಕ್ರ ಎಡಕ್ಕೆ ನೋಡ್ತಿದೆ,” ಎಂದಳು.

“ನನ್ ಕಡೆ ಮೂರನೇ ಗೀಟೇ ಇದೆ,” ಎಂದ ಅಣ್ಣ.

“ನನ್ ಕಡೇನೂ ಮೂರನೇ ಗೀಟೇ,” ಎಂದ ತಮ್ಮ.

ನಾನೂ ಎರಡು ಕಡೆಯೂ ಬಗ್ಗಿ ನೋಡಿದೆ. ಗೀಟೆಂದರೆ ಗೀಟೇ. ಆದರೆ ಗೀಟಿಗೂ ಒಂದು ದಪ್ಪ ಇರುತ್ತದಲ್ಲ. ಒಬ್ಬ ಅದರ ಆಚೆ ಅಂಚಿನಲ್ಲಿದ್ದ, ಇನ್ನೊಬ್ಬ ಈಚೆ ಅಂಚಿನಲ್ಲಿ. ಹಾಗೆಂದು ಹೇಳಿದರೆ ಇಬ್ಬರೂ ನನ್ನನ್ನೇ ಗದರಿದರು. ಟಿಕೆಟ್ ಹರಿಯುವವಳಿಗೆ ಚಕ್ರದ ವಿಷಯ ಯಾಕೆ ಎಂದು ಅಣ್ಣ. ಅಕ್ಕನಿಗೆ ಕನ್ನಡಕ ಬೇಕಾಗಿದೆ ಎಂದು ತಮ್ಮ. ನನ್ನನ್ನು ಬೈಯುವಾಗ ಇಬ್ಬರಿಗೂ ಮಧ್ಯವರ್ತಿ ಬೇಕಾಗುವುದಿಲ್ಲ. “ನಾನೇ ಸರಿ ಮಾಡ್ಲಾ?” ಎಂದು ಚೂಟಿ ಕೇಳಿದಳು. “ನೀನು ಸುಮ್ನೆ ಹೋಗಿ ಮಲ್ಕೊ,” ಎಂದು ಎರಡು ಬಾಯಿಂದ ಒಂದೇ ಉತ್ತರ ಬಂತು.

ಬೆಳಿಗ್ಗೆ ಬೈಕನ್ನು ಅಣ್ಣನ ಹಳೆಯ ವ್ಯಾನಿಗೆ ಏರಿಸುವಾಗ ಗುಟ್ಟು ಹೊರಬಿತ್ತು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ. “ನೋಡು, ಯಾರಿಗೂ ಹೇಳ್ಬೇಡ. ಅವನು ಯಾವಾಗ್ಲೂ ಸಡಿಲ ಬಿಡ್ತಾನೆ ಅಂತ ಗೊತ್ತಲ್ಲ, ಅದಕ್ಕೇ ನನ್ ಕಡೆ ಒಂಚೂರು ಜಾಸ್ತಿ ಎಳೆದಿದೀನಿ. ಮಗು ಕೂರೋ ಗಾಡಿ.” ಹಗ್ಗ ತರುವ ನೆಪದಲ್ಲಿ ನಾನು ತಮ್ಮನ ಕಡೆ ಹೋದರೆ ಅವನೂ ಕಿವಿಯ ಹತ್ತಿರ ಬಂದ. “ಅಕ್ಕ, ನಿನ್ನಲ್ಲೇ ಇರ್ಲಿ. ಸಾಹೇಬ್ರು ಬಿಗಿದು ಬಿಗಿದು ಚೈನನ್ನ ತಂತಿ ಮಾಡ್ತಾರೆ. ಅದಕ್ಕೇ ನಾನು ಒಂದು ಎಳೆ ಕಮ್ಮಿ ಬಿಟ್ಟಿದೀನಿ. ಅವಳ ಗಾಡಿ ತಾನೆ.”

ಎಂಥ ಪ್ರೀತಿ ನೋಡಿ! ಒಬ್ಬರ ಕೈಗುಣ ಇನ್ನೊಬ್ಬರಿಗೆ ಎಷ್ಟು ಚೆನ್ನಾಗಿ ಗೊತ್ತು ಎಂದರೆ, ಅವನು ಮಾಡಬಹುದಾದ ತಪ್ಪನ್ನು ಇವನು ಇಲ್ಲೇ ಕೂತು ತಿದ್ದುತ್ತಾನೆ, ಇವನು ಮಾಡಬಹುದಾದದ್ದನ್ನು ಅವನು. ಮಾಡದ ತಪ್ಪನ್ನು ತಿದ್ದಿದರೆ ಏನಾಗುತ್ತದೋ ಅದೇ ಆಗಿತ್ತು. ನಾನು ಅಲ್ಲೇ, ಇಬ್ಬರ ಮುಂದೆಯೇ ಎರಡೂ ಗುಟ್ಟನ್ನು ಬಯಲು ಮಾಡಿದೆ. ಇಬ್ಬರೂ ಕೆಂಪಾದರು. ಅಣ್ಣ ವ್ಯಾನ್ ಹತ್ತಿ ಕೂತ, ತಮ್ಮ ಹಗ್ಗ ಬಿಗಿಯತೊಡಗಿದ. ಹೊತ್ತಾಗಿದೆ, ಅಲ್ಲಿ ಹೋಗಿ ನೋಡಿದರಾಯಿತು ಎಂದು ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಹೇಳಿದರು.

ಟ್ರ್ಯಾಕಿನಲ್ಲಿ ಮೊದಲು ಗಾಡಿ ತಪಾಸಣೆ. ಕೋಚ್ ಮೇಡಂ ಬಿಸಿಲಿಗೆ ಕಂದಿದ ಗಟ್ಟಿ ಹೆಂಗಸು, ಮಾತು ಕಮ್ಮಿ. ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಚೈನಿನ ಉದ್ದಕ್ಕೂ ಕಣ್ಣು ಹಾಯಿಸಿ, ಚಕ್ರವನ್ನು ಒಂದು ಸಲ ತಿರುಗಿಸಿದರು. ಚೈನು ಹಲ್ಲಿನ ಒಂದೇ ಮಗ್ಗುಲಿಗೆ ಉಜ್ಜಿ ಕಿರ್ ಎಂದಿತು.

“ಇದನ್ನ ಜೋಡಿಸಿದ್ದು ಯಾರು?”

ಬೇರೆ ದಿನವಾಗಿದ್ದರೆ ಇಬ್ಬರೂ ಎದೆಯುಬ್ಬಿಸಿ ಮುಂದೆ ಬರುತ್ತಿದ್ದರು. ಅವತ್ತು ಅಣ್ಣ ತಮ್ಮನ ಕಡೆ ಗದ್ದ ತೋರಿಸಿದ, ತಮ್ಮ ಅಣ್ಣನ ಕಡೆ.

“ಚಕ್ರ ಎಡಕ್ಕೆ ತಿರುಗಿದೆ. ಹೀಗೆ ಬಿಡಕ್ಕಾಗಲ್ಲ. ನಿಮ್ ಗುಂಪು ಕರೆಯೋದಕ್ಕೆ ಇನ್ನೂ ಸ್ವಲ್ಪ ಟೈಮಿದೆ. ಸರಿ ಮಾಡ್ಕೊಂಡು ಬನ್ನಿ, ಮತ್ತೆ ನೋಡ್ತೀನಿ.”

ಚೂಟಿ ಅಪ್ಪನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳಲು ಹೋದಳು. “ನಾನ್ ಮಾಡ್ತೀನಿ ಕೊಡಿ, ಪ್ಲೀಸ್.” ಅಪ್ಪ ಕೈ ಮೇಲೆತ್ತಿಬಿಟ್ಟ. ದೊಡ್ಡಪ್ಪ, “ನೀನು ಹೋಗಿ ಹೆಲ್ಮೆಟ್ ಹಾಕ್ಕೊ ಚಿನ್ನ, ನಾವಿಲ್ವಾ?” ಎಂದ. ಅವಳು ಒಂದು ಕ್ಷಣ ಇಬ್ಬರನ್ನೂ ನೋಡಿ ಹೆಲ್ಮೆಟ್ ತೊಟ್ಟುಕೊಂಡಳು.

ನಾನು ಎಂದಿನಂತೆ ನಡುವೆ ನುಗ್ಗಲು ಹೋದೆ. ಹಗ್ಗದ ಬಳಿ ನಿಂತಿದ್ದ ಕಾವಲಿನವನು ತಡೆದ. ಒಬ್ಬ ಸವಾರರಿಗೆ ಇಬ್ಬರೇ ಸಹಾಯಕರು, ಉಳಿದವರು ಹಗ್ಗದ ಆಚೆ. “ಅಯ್ಯೋ, ಇವರಿಬ್ಬರು ಸೇರಿದ್ರೆ ಒಬ್ಬರೂ ಆಗಲ್ಲ ಕಣಪ್ಪ, ನನ್ನ ಬಿಡು,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಯಾರಿಗೆ ತಾನೇ ಅರ್ಥವಾದೀತು? ಅಷ್ಟರಲ್ಲಿ ದೊಡ್ಡ ಹುಡುಗರ ಗುಂಪು ಎಂಜಿನ್ ಎಬ್ಬಿಸಿತು. ನಾನು ಬಾಯಿಗೆ ಕೈಯಿಟ್ಟು ಕೂಗಿದೆ. “ಅಣ್ಣಾ, ಒಂದ್ ಮಾತು ಕೇಳೋ ಅವನನ್ನ! ಲೋ, ನೀನಾದ್ರೂ ಹೇಳೋ!” ನನ್ನ ಕೂಗು ನನಗೇ ಕೇಳಿಸಲಿಲ್ಲ. ಚೀಲದಲ್ಲಿದ್ದ ಬಸ್ಸಿನ ಸೀಟಿ ತೆಗೆದು ಊದಿದೆ. ಟ್ರ್ಯಾಕಿನ ಆಚೆ ತುದಿಯಲ್ಲಿ ಒಬ್ಬ ಸವಾರ ಗಾಬರಿಯಿಂದ ಬೈಕ್ ನಿಲ್ಲಿಸಿದ. ಕಾವಲಿನವನು ನನ್ನ ಸೀಟಿ ಕಿತ್ತುಕೊಂಡು ಜೇಬಿಗಿಟ್ಟ.

ಹಾಗಾಗಿ ಅಲ್ಲಿ ನಡೆದದ್ದನ್ನು ನಾನು ದೂರದಿಂದ ಮೂಕಿಯ ಹಾಗೆ ನೋಡಬೇಕಾಯಿತು. ಅಣ್ಣ ಎಡಕ್ಕೆ ಕೂತ, ತಮ್ಮ ಬಲಕ್ಕೆ. ತಮ್ಮ ಆಕ್ಸಲ್ ನಟ್ಟು ಸಡಿಲಿಸಿದ. ಅಣ್ಣ ಚಕ್ರದ ಕಡ್ಡಿಗಳ ಸಂದಿಯಿಂದ ತಮ್ಮನ ಮುಖ ನೋಡಿದ. ತಮ್ಮ ಆಗ ಕೆಳಗೆ ನೋಡುತ್ತಿದ್ದ. ತಮ್ಮ ತಲೆಯೆತ್ತಿದಾಗ ಅಣ್ಣ ಬೋಲ್ಟಿನ ಕಡೆ ಬಗ್ಗಿದ್ದ. ಅಣ್ಣನ ಬಾಯಿ ತೆರೆದುಕೊಂಡದ್ದನ್ನು ನಾನು ಕಂಡೆ. ಆಣೆ ಮಾಡಿ ಹೇಳುತ್ತೇನೆ, ತೆರೆದುಕೊಂಡಿತ್ತು. ಆದರೆ ಅವನು ಅಭ್ಯಾಸಬಲದಿಂದ ನಾನಿರುವ ಕಡೆ ಕತ್ತು ತಿರುಗಿಸಿದ, ನಾನು ಹಗ್ಗದಾಚೆ ಇರುವುದು ಕಂಡು ಬಾಯಿ ಮುಚ್ಚಿಕೊಂಡ. ಇಬ್ಬರೂ ತಂತಮ್ಮ ಬೋಲ್ಟು ತಿರುಗಿಸಿದರು. ನಟ್ಟು ಬಿಗಿಯಾಯಿತು. ಬೈಕನ್ನು ಇಬ್ಬರೂ ಒಂದೊಂದು ಕಡೆ ಹಿಡಿದು ಮೇಡಂ ಮುಂದೆ ನಿಲ್ಲಿಸಿದರು.

ದೊಡ್ಡವರ ಓಟ ಮುಗಿದು ಸದ್ದಡಗಿತ್ತು. ಮೇಡಂ ಮತ್ತೆ ಹಿಂದೆ ಕೂತು ನೋಡಿದರು. ಎದ್ದರು. ಸೊಂಟದ ಮೇಲೆ ಕೈಯಿಟ್ಟುಕೊಂಡರು.

“ಈಗ ಬಲಕ್ಕೆ ತಿರುಗಿದೆ. ಏನ್ರೀ, ತಮಾಷೆ ಮಾಡ್ತಿದೀರಾ?”

ಅಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. “ನಾನು... ನಾನು ನನ್ ಕಡೆ ಪೂರ್ತಿ ಒಂದ್ ಸುತ್ತು ಸಡಿಲ ಮಾಡ್ದೆ ಮೇಡಂ. ಹೋಗ್ಲಿ, ಅವನು ಹೇಳೋ ಹಾಗೇ ಆಗ್ಲಿ ಅಂತ ಬಿಟ್ಟುಕೊಟ್ಟೆ. ಮಗುಗೋಸ್ಕರ.”

ತಮ್ಮ ನೆಲ ನೋಡುತ್ತ ಹೇಳಿದ. “ನಾನೂ ಒಂದ್ ಸುತ್ತು ಬಿಗಿ ಮಾಡ್ದೆ. ಅಣ್ಣ ಹೇಳೋದೇ ಸರಿ ಇರ್ಬೋದು ಅಂದ್ಕೊಂಡೆ.”

ಅಣ್ಣ! ವರ್ಷಗಳಾದ ಮೇಲೆ ಆ ಶಬ್ದ ಅವನ ಬಾಯಿಂದ ಬಂದಿತ್ತು, ಅದೂ ಗುರುತಿಲ್ಲದ ಹೆಂಗಸಿನ ಮುಂದೆ. ಜೀವಮಾನದಲ್ಲಿ ಮೊದಲ ಬಾರಿ ಇಬ್ಬರೂ ಸೋಲಲು ಒಪ್ಪಿದ್ದರು, ಮತ್ತು ಅದನ್ನೂ ಒಬ್ಬರಿಗೊಬ್ಬರು ಹೇಳದೆ ಮಾಡಿದ್ದರು. ಜಗಳವಾಡಿದರೆ ಎಡಕ್ಕೆ ಸೊಟ್ಟ, ರಾಜಿಯಾದರೆ ಬಲಕ್ಕೆ ಸೊಟ್ಟ. ಇಂಥವರನ್ನು ಇಟ್ಟುಕೊಂಡು ಏನು ಮಾಡುವುದು ಹೇಳಿ?

“ಇದನ್ನ ಅವ್ರಿಗೆ ನೀವು, ನಿಮಗೆ ಅವ್ರು ಹೇಳ್ಬೇಕಿತ್ತು,” ಎಂದರು ಮೇಡಂ. “ನನಗೆ ಯಾಕೆ ಹೇಳ್ತಿದೀರ?”

ಆಗಲೇ ಸಣ್ಣ ಬೈಕಿನ ಗುಂಪನ್ನು ಕರೆದರು. ಚೂಟಿ ಮೇಡಂ ಕಡೆ ನೋಡಿದಳು. ಮೇಡಂ ತಲೆ ಅಲ್ಲಾಡಿಸಿದರು, ಅವರಿಗೂ ಬೇಜಾರಾಗಿದ್ದು ಕಾಣುತ್ತಿತ್ತು. “ಬಿದ್ದು ಕಾಲು ಮುರ್ಕೊಂಡ್ರೆ ಏನ್ಮಾಡ್ಲಿ ಪುಟ್ಟಾ? ಬಿಡಕ್ಕಾಗಲ್ಲ.” ಸಾಲಿನಲ್ಲಿ ಒಂದು ಜಾಗ ಖಾಲಿ ಉಳಿಯಿತು. ಬಾವುಟ ಬಿತ್ತು. ಉಳಿದ ಮಕ್ಕಳು ಧೂಳೆಬ್ಬಿಸಿಕೊಂಡು ಹೋದರು. ಅವರಲ್ಲಿ ಇಬ್ಬರನ್ನು ಚೂಟಿ ಅಭ್ಯಾಸದಲ್ಲಿ ಎಷ್ಟೋ ಸಲ ಹಿಂದೆ ಹಾಕಿದ್ದಳು. ಅವಳು ಹೆಲ್ಮೆಟ್ಟನ್ನೂ ತೆಗೆಯದೆ ಓಟ ಪೂರ್ತಿ ನೋಡಿದಳು. ಅವಳ ಮುಖ ನಮಗೆ ಕಾಣಲಿಲ್ಲ. ನನಗೆ ಆ ಇಬ್ಬರ ತಲೆಯನ್ನೂ ಹಿಡಿದು ಒಂದಕ್ಕೊಂದು ಢಿಕ್ಕಿ ಹೊಡೆಸಬೇಕು ಎನ್ನಿಸಿತು. ಅಳುವೂ ಬಂತು.

ಮನೆಗೆ ಹೊರಟೆವು. ಅಣ್ಣ ವ್ಯಾನ್ ಓಡಿಸುತ್ತಿದ್ದ, ಆ ಕಡೆ ಬಾಗಿಲಿಗೆ ತಮ್ಮ, ನಡುವೆ ನಾನು. ಚೂಟಿ ಹಿಂದಿನ ಸೀಟಿನಲ್ಲಿ ಬೈಕಿನ ಪಕ್ಕ ಕೂತಿದ್ದಳು. ಹೋಗುವಾಗ ಅವಳು ಮುಂದಕ್ಕೆ ಬಗ್ಗಿ, ದೊಡ್ಡಪ್ಪನ ಹೆಗಲಿಗೊಂದು ಅಪ್ಪನ ಹೆಗಲಿಗೊಂದು ಕೈ ಹಾಕಿ ದಾರಿಯುದ್ದಕ್ಕೂ ವಟಗುಟ್ಟಿದ್ದಳು. ಈಗ ಅವಳು ಉಸಿರಾಡುವುದೂ ಕೇಳಿಸುತ್ತಿರಲಿಲ್ಲ.

“ಹಸಿವಾಯ್ತಾ ಚಿನ್ನ?” ಎಂದು ಅಣ್ಣ ಕನ್ನಡಿಯಲ್ಲಿ ನೋಡಿ ಕೇಳಿದ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. “ಸಂಜೆ ಇಡೀ ಚಕ್ರ ಬಿಚ್ಚಿ ಹೊಸದಾಗಿ ಕೂರಿಸ್ತೀನಿ ಮಗಳೇ,” ಎಂದ ತಮ್ಮ.

ಸೇತುವೆ ದಾಟಿದ ಮೇಲೆ ಹಿಂದಿನಿಂದ ಅವಳ ದನಿ ಬಂತು. ಅತ್ತದ್ದರ ಗುರುತೇ ಇಲ್ಲದ, ಒಣಗಿದ ದನಿ.

“ಅತ್ತೆ.”

“ಏನಮ್ಮ?”

“ಅಪ್ಪನಿಗೂ ದೊಡ್ಡಪ್ಪನಿಗೂ ಹೇಳು, ಇವತ್ತಿಂದ ನಾನು ಅವ್ರ ಹತ್ರ ಮಾತಾಡಲ್ಲ ಅಂತ.”

ಎಷ್ಟು ಚೆನ್ನಾಗಿ ಕಲಿತಿದ್ದಳು! ಅದೇ ಮಾತು, ಅದೇ ಬಿಗುವು, ಕೇಳಬೇಕಾದವರು ಎದುರಿಗೇ ಇದ್ದರೂ ನನ್ನ ಕಡೆಗೇ ತಿರುಗಿದ ಅದೇ ಮುಖ. ನಾನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ವ್ಯಾನನ್ನು ರಸ್ತೆ ಬದಿಗೆ ನಿಲ್ಲಿಸಿದ. ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಇಬ್ಬರ ಕಣ್ಣಲ್ಲೂ ನೀರಿತ್ತು.

“ಅವಳಿಗೆ ಹೇಳು...” ಎಂದ ಅಣ್ಣ.

“ಅಕ್ಕ, ಅವಳಿಗೆ ಹೇಳು...” ಎಂದ ತಮ್ಮ.

ನಾನು ಕಾದೆ. ಏನು ಹೇಳಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.